ಸಿಂಕ್‌ಥಿಂಗ್ 62 ಪರ್ಸೆಂಟಿಗೆ ನಿಂತೈತಿ, ಮದುವಿ ಫುಟೇಜ್ ಕೊಪ್ಪಳದಿಂದ ರಾಯಚೂರಿಗೆ ಹೋಗವಲ್ದು

ಕೊಪ್ಪಳ_ಕ್ಯಾಮೆರಾ
ನಮಸ್ಕಾರ್ರೀ ಎಲ್ಲಾರಿಗೂ. ತಲಿ ಕೆಟ್ಟು ಹೋಗೈತಿ ಅದಕ್ಕ ಇಲ್ಲಿ ಹಾಕಾಕತ್ತೀನಿ. ಮದುವಿ ಫುಟೇಜ್ 186 ಜಿಬಿ ಐತಿ, ರಾಯಚೂರಿನ ನಮ್ಮ ಎಡಿಟರ್‌ಗೆ ಕಳಸಬೇಕು. ಗೂಗಲ್ ಡ್ರೈವ್‌ನಾಗ ಪುಕ್ಕಟೆ 15 ಜಿಬಿ ಅಷ್ಟ, ಟೆಲಿಗ್ರಾಂನಾಗ ಒಂದು ಫೈಲಿಗೆ 2 ಜಿಬಿ, ಅದಕ್ಕ ಎರಡೂ ಕಡೆ ಸಿಂಕ್‌ಥಿಂಗ್ (ಒಂದು ಕಂಪ್ಯೂಟರಿಂದ ಇನ್ನೊಂದಕ್ಕ ಫೈಲ್ ಕಳಸೋ ಸಾಫ್ಟ್‌ವೇರ್) ಹಾಕಿದ್ವಿ. ಗುರುವಾರ ಮುಂಜಾನೆ ಚಾಲೂ ಮಾಡಿದ್ದು ಶುಕ್ರವಾರ ಸಂಜಿಕ 62 ಪರ್ಸೆಂಟ್ ಆತು, ಇವತ್ತ ಭಾನುವಾರ, ಇನ್ನೂ ಅಲ್ಲೇ ಐತಿ. ರೌಟರ್ ಬಂದ್ ಮಾಡಿ ಹಚ್ಚಿದ್ವಿ, ಎರಡೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ್ವಿ, ಏನೂ ಆಗಲಿಲ್ಲ. ಅಕ್ಕಿಕಾಳು ಬೀಳೋ ಶಾಟ್ ಇನ್ನೂ ಆ ಕಡೆ ಮುಟ್ಟಿಲ್ಲ, ಹುಡುಗಿ ಅಪ್ಪಾರು ದಿನಾ ಫೋನ್ ಹಚ್ಚತಾರ. ಗೊತ್ತಿದ್ದವರು ಹೇಳ್ರಿ.

ಬಳ್ಳಾರಿ_ಲ್ಯಾನ್
ಅಣ್ಣ ಇದು ಸಿಜಿನ್ಯಾಟ್ (ನೆಟ್ ಕಂಪನಿಯೋರು ಒಂದೇ ವಿಳಾಸ ಹಂಚೋದು), ನೋಡದೇ ಹೇಳ್ತೀನಿ. ಸಿಂಕ್‌ಥಿಂಗ್ ಪೇಜಲ್ಲಿ ಬಲಗಡೆ ಎಡಿಟರ್ ಡಿವೈಸ್ ಹೆಸರು ಒತ್ತು, ಕನೆಕ್ಷನ್ ಟೈಪ್ ಏನೈತೆ ನೋಡು. ಆಮೇಲೆ ರೌಟರ್ ಒಳಗೆ ಹೋಗಿ ವ್ಯಾನ್ ಐಪಿ, ಅಂದ್ರೆ ನೆಟ್ ಕಂಪನಿ ಕೊಟ್ಟ ವಿಳಾಸ, ಏನು ಬಂದೈತೆ ಹೇಳು.

ಕೊಪ್ಪಳ_ಕ್ಯಾಮೆರಾ
ರಿಲೇ ಅಂತ ಐತ್ರೀ. ಐಪಿ 100.72 ರಿಂದ ಚಾಲೂ ಆಗತೈತಿ. ಸ್ಪೀಡ್ 900 ಕೆಬಿ ಬರ್ತಿತ್ತು, ನಂದು 100ರ ಪ್ಲಾನ್ ಐತಿ, 100 ಎಂಬಿ ಬರಬೇಕಿತ್ತಲ್ರಿ?

ಬಳ್ಳಾರಿ_ಲ್ಯಾನ್
ಹೇಳಿದ್ನಲ್ಲ! 100.64 ರಿಂದ 100.127 ರವರೆಗೆ ಬಂದ್ರೆ ಅದು ಸಿಜಿನ್ಯಾಟೇ. ನೂರಾರು ಮನೆಗೆ ಒಂದೇ ಪಬ್ಲಿಕ್ ಐಪಿ ಹಂಚಿರ್ತಾರೆ, ಹೊರಗಿಂದ ನಿನ್ನ ಕಂಪ್ಯೂಟರ್‌ಗೆ ನೇರ ದಾರಿ ಇರಲ್ಲ, ನೀನು ಸಿಂಕ್‌ಥಿಂಗ್‌ನ 22000 ಪೋರ್ಟ್ (ಒಳಗೆ ಬರೋ ಬಾಗಿಲು) ಎಷ್ಟು ತೆಗೆದ್ರೂ ಉಪಯೋಗ ಇಲ್ಲ. ಎರಡೂ ಕಡೆ ಹಂಗೇ ಇದ್ರೆ ಮಧ್ಯದಲ್ಲಿ ಯಾರೋ ಪುಣ್ಯಾತ್ಮರು ನಡೆಸೋ ರಿಲೇ ಸರ್ವರ್ ಮೇಲೆ ಹೋಗುತ್ತೆ, ಅದಕ್ಕೇ ನಿಧಾನ. ಸ್ಟ್ಯಾಟಿಕ್ ಐಪಿ (ನಿನಗೇ ಅಂತ ಒಂದು ವಿಳಾಸ) ಕೇಳು, ಇಲ್ಲಾ ಎರಡೂ ಕಡೆ ಐಪಿವಿ6 (ಹೊಸ ಥರದ ವಿಳಾಸ, ಹಂಚೋದು ಬೇಕಿಲ್ಲ) ಆನ್ ಮಾಡು.

ಸಿಂಧನೂರು_ಸರ್ವರ್
100 ಎಂಬಿಪಿಎಸ್ ಅಂದ್ರ ಬಿಟ್ (bit) ಲೆಕ್ಕ, ಬೈಟ್ ಅಲ್ಲ, 8 ಬಿಟ್ ಸೇರಿ ಒಂದು ಬೈಟ್. 8ರಿಂದ ಭಾಗಿಸ್ರಿ, 12.5 ಎಂಬಿ ಬರ್ತದ, ಅದೂ ಡೌನ್‌ಲೋಡ್. ಅಪ್‌ಲೋಡ್ ಎಷ್ಟದ ಅಂತ ಪ್ಲಾನ್ ಕಾಗದದಾಗ ಬ್ಯಾರೇನೇ ನೋಡಬೇಕು.

ಮಾನ್ವಿ_ಮೆಕ್ಯಾನಿಕ್
ಇಷ್ಟ್ಯಾಕ ತ್ರಾಸ ತಗೊಂತೀರಿ? ಹಾರ್ಡ್ ಡಿಸ್ಕಿಗೆ ಹಾಕಿ ಕೆಕೆಆರ್‌ಟಿಸಿ ಬಸ್ಸಿಗೆ ಒಬ್ಬ ಹುಡುಗನ್ನ ಹತ್ತಸ್ರಿ. ಗಂಗಾವತಿ, ಸಿಂಧನೂರು, ಮಾನ್ವಿ ಮ್ಯಾಲೆ ಮಧ್ಯಾಹ್ನದೊಳಗ ರಾಯಚೂರು. 186 ಜಿಬಿಗೆ ಬಸ್ಸಿಗಿಂತ ಫಾಸ್ಟ್ ನೆಟ್ ನಮ್ಮ ಕಡೆ ಯಾರ ಹತ್ರನೂ ಇಲ್ಲ.

ಕೊಪ್ಪಳ_ಕ್ಯಾಮೆರಾ
ಹೋದ ವರ್ಷ ಕೊರಿಯರ್‌ಗೆ ಒಂದು ಡಿಸ್ಕ್ ಕೊಟ್ಟಿದ್ದೆ ರೀ. ಮುಟ್ಟಿದ ಮ್ಯಾಲೆ ಹಚ್ಚಿದ್ರ ಒಳಗ ಟಕ್ ಟಕ್ ಟಕ್ ಅಂತ ಸಪ್ಪಳ ಅಷ್ಟ, ಡ್ರೈವ್ ತೋರಸಲೇ ಇಲ್ಲ. ಕಾರ್ಡ್ ಅಳಿಸಿಬಿಟ್ಟಿದ್ದೆ. ಒಂದು ಕೂಸಿನ ತೊಟ್ಟಿಲ ಕಾರ್ಯಕ್ರಮ ಪೂರ್ತಿ ಹೋತು, ಆ ತಾಯಿ ಮುಂದ ನಿಂತು ಹೇಳಾಕ ನನಗ ಬಾಯಿ ಬರಲಿಲ್ಲ. ಅವತ್ತಿಂದ ಡಿಸ್ಕ್ ಕೈ ಬಿಟ್ಟು ಕೊಡಂಗಿಲ್ಲ.

ಕುಷ್ಟಗಿ_ಟೊರೆಂಟ್
ಟೊರೆಂಟ್ ಮಾಡಿ ಕಳಸ್ರಿ. ಕ್ಯುಬಿಟ್‌ಟೊರೆಂಟ್‌ನಾಗ ಫೋಲ್ಡರ್ ಕೊಟ್ರ ಟೊರೆಂಟ್ ಫೈಲ್ ಆಗತೈತಿ, ಅದನ್ನ ವಾಟ್ಸಾಪ್ ಮಾಡ್ರಿ. ತುಂಡು ತುಂಡಾಗಿ ಹೋಗತೈತಿ, ಪ್ರತಿ ತುಂಡು ಸರಿ ಬಂದೈತೋ ಇಲ್ಲೋ ತಾನೇ ತಾಳೆ ನೋಡತೈತಿ.

ಮಾನ್ವಿ_ಮೆಕ್ಯಾನಿಕ್
ಟೊರೆಂಟ್ ಅಂದ್ರ ಸಿನಿಮಾ ಕಳ್ಳತನ ಮಾಡೋದು. ಮದುವಿ ವಿಡಿಯೋ ಊರ ತುಂಬ ಹಂಚಬೇಕೇನು?

ಕುಷ್ಟಗಿ_ಟೊರೆಂಟ್
ಕಳ್ಳತನ ಮಾಡೋದು ಮನಷ್ಯಾ ರೀ, ಟೊರೆಂಟ್ ಅಲ್ಲ. ಬ್ರಾಮ್ ಕೋಹೆನ್ 2001ರಾಗ ಇದನ್ನ ಹೊರಗ ತಂದಿದ್ದು ದೊಡ್ಡ ಫೈಲ್ ಹಂಚಾಕ ಅಂತ. ಉಬುಂಟು, ಡೆಬಿಯನ್ ಅನ್ನೋ ಲಿನಕ್ಸ್‌ಗಳು ಇವತ್ತಿಗೂ ಐಎಸ್‌ಒ (ಇನ್‌ಸ್ಟಾಲ್ ಫೈಲ್) ಟೊರೆಂಟ್‌ನಾಗ ಕೊಡತಾವ. ಪ್ರೈವೇಟ್ ಅಂತ ಟಿಕ್ ಮಾಡಿದ್ರ ಡಿಎಚ್‌ಟಿಗೆ, ಅಂದ್ರ ಎಲ್ಲಾರೂ ಹುಡುಕೋ ಪಟ್ಟಿಗೆ, ಹೋಗಂಗಿಲ್ಲ.

ಬಳ್ಳಾರಿ_ಲ್ಯಾನ್
ಎರಡೂ ಕಡೆ ಸಿಜಿನ್ಯಾಟ್ ಇದ್ರೆ ಟೊರೆಂಟೂ ಕನೆಕ್ಟ್ ಆಗೋದು ಕಷ್ಟ. ಮೊದಲು ಐಪಿವಿ6 ಅಣ್ಣ, ಬೇರೆ ಮಾತು ಆಮೇಲೆ.

ಸಿಂಧನೂರು_ಸರ್ವರ್
ನಮ್ಮ ರೈಸ್ ಮಿಲ್ ಆಫೀಸಿನಾಗ 4 ಟಿಬಿ ಡ್ರೈವ್ ನಾಕು ಹಾಕಿ ರೇಡ್ 5 (ಒಂದು ಡ್ರೈವ್ ಕೆಟ್ರೂ ಡೇಟಾ ಉಳಿಯೋ ಜೋಡಣೆ) ಮಾಡೀನಿ, 12 ಟಿಬಿ ಸಿಗ್ತದ. ಮ್ಯಾಲೆ ಟೇಲ್‌ಸ್ಕೇಲ್ ಅನ್ನೋ ವಿಪಿಎನ್ (ದೂರದಿಂದ ಖಾಸಗಿ ಕನೆಕ್ಷನ್), ಅದು ಒಳಗ ವೈರ್‌ಗಾರ್ಡ್‌ನೇ, ಮನ್ಯಾಗ ಕುಂತು ಮಿಲ್ಲಿನ ಲೆಕ್ಕ, ಸಿಸಿಟಿವಿ ಎಲ್ಲಾ ತಗೀತೀನಿ. ಬ್ಯಾಸಿಗ್ಯಾಗ ಡ್ರೈವ್ ಕಾಯ್ತಾವ ಅಂತ ಎರಡು ಫ್ಯಾನ್ ಎಕ್ಸ್‌ಟ್ರಾ ಹಾಕೀನಿ, ಈಗ 45 ಡಿಗ್ರಿ ದಾಟಂಗಿಲ್ಲ. ನೀವೂ ಹಿಂತಾ ಒಂದು ನ್ಯಾಸ್ (ನೆಟ್‌ವರ್ಕಿಗೆ ಹಚ್ಚಿದ ಡ್ರೈವ್ ಪೆಟ್ಟಿಗಿ) ಕಟ್ರಿ, ಬೇಕಂದ್ರ ಫೋಟೋ ಹಾಕ್ತೀನಿ.

ಕುಷ್ಟಗಿ_ಟೊರೆಂಟ್
ಫೋಟೋ ಹಾಕ್ರಿ. ಖರೆ ರೇಡ್ ಅಂದ್ರ ಬ್ಯಾಕಪ್ ಅಲ್ಲ, ಬ್ಯಾರೆ ಕಾಪಿ ಇಟ್ಟೀರಿಲ್ಲೋ?

ಕೊಪ್ಪಳ_ಕ್ಯಾಮೆರಾ
ಬಳ್ಳಾರಿ ಅಣ್ಣಾ, ಎರಡೂ ಕಡೆ ಐಪಿವಿ6 ಆನ್ ಮಾಡಿದ್ವಿ. ಈಗ ರಿಲೇ ಹೋಗಿ ಟಿಸಿಪಿ ವ್ಯಾನ್ (ನೇರ ಕನೆಕ್ಷನ್) ಅಂತ ಬಂದೈತಿ, ಒಂದು ಸಣ್ಣ ಫೈಲ್ ಹಾಕಿ ನೋಡಿದೆ, 5 ಎಂಬಿ ಸ್ಪೀಡ್‌ನಾಗ ಹೋತು. ಖರೆ 62 ಅಲ್ಲಾಡವಲ್ದು!

ಬಳ್ಳಾರಿ_ಲ್ಯಾನ್
ರೌಟರ್ ಫೈರ್‌ವಾಲ್ ಇರಬೇಕು. ಇಲ್ಲಾ ಎಂಟಿಯು (ಒಂದು ಸಲಕ್ಕೆ ಹೋಗೋ ಪ್ಯಾಕೆಟ್ ಸೈಜ್). 1492ಕ್ಕೆ ಇಳಿಸಿ ನೋಡು.

ಲಿಂಗಸೂರು_ಲ್ಯಾಬ್
ಒಂದ್ ನಿಮಿಷ ನಿಂದರ್ರಿ. ಸಣ್ಣ ಫೈಲ್ ಹೋತು ಅಂದ ಮ್ಯಾಲೆ ನೆಟ್‌ವರ್ಕ್ ಸರಿ ಅದ. 62 ಪರ್ಸೆಂಟ್‌ನಾಗ ಯಾವ ಫೈಲ್ ಹೋಗ್ಯಾವ, ಯಾವ ಉಳದಾವ, ಇದನ್ನ ಒಬ್ಬರೂ ಕೇಳಿಲ್ಲಲ್ರಿ?

ಕೊಪ್ಪಳ_ಕ್ಯಾಮೆರಾ
ಮೊದಲನೇ ಕ್ಯಾಮೆರಾದ 115 ಜಿಬಿ ಪೂರ್ತಿ ಹೋಗೈತ್ರಿ. ಎರಡನೇದು ಏಳು ಫೈಲ್, 71 ಜಿಬಿ, ಒಂದೂ ಹೋಗಿಲ್ಲ. ಮೊದಲನೇದು ಹಳೇ ಕ್ಯಾಮೆರಾ, 32 ಜಿಬಿ ಕಾರ್ಡ್. ಎರಡನೇದಕ್ಕ 128 ಜಿಬಿ ಕಾರ್ಡ್.

ಲಿಂಗಸೂರು_ಲ್ಯಾಬ್
ಸಿಕ್ತು ಅನಸ್ತದ. 32 ಜಿಬಿ ಕಾರ್ಡ್ ಎಸ್‌ಡಿಎಚ್‌ಸಿ ಜಾತೀದು, ಅದು ಫ್ಯಾಟ್32 (ಫೈಲ್ ಇಡೋ ಹಳೇ ಪದ್ಧತಿ), ಕ್ಯಾಮೆರಾ ತಾನೇ 4 ಜಿಬಿಗೊಂದು ಫೈಲ್ ತುಂಡು ಮಾಡ್ತದ. 128 ಜಿಬೀದು ಎಸ್‌ಡಿಎಕ್ಸ್‌ಸಿ, ಎಕ್ಸ್‌ಫ್ಯಾಟ್ ಅನ್ನೋ ಹೊಸ ಪದ್ಧತಿ, ಅದಕ್ಕ ಆ ಮಿತಿ ಇಲ್ಲ, ಒಂದೇ ಉದ್ದ ಫೈಲ್. ಎಡಿಟರ್ ಎಲ್ಲಿ ಇಳಿಸ್ಕೊಳ್ಳಾಕತ್ತಾರ? ಅವರ ಸ್ಕ್ರೀನಿನಾಗ ಏನದ? ನೀವು ನೋಡೋದು ಕಳಸೋ ಕಡೀದು, ಎರರ್ ಬರೋದು ಇಳಿಸ್ಕೊಳ್ಳೋ ಕಡೆ.

ಕೊಪ್ಪಳ_ಕ್ಯಾಮೆರಾ
ಫೋನ್ ಹಚ್ಚಿ ಕೇಳಿದೆ. ಔಟ್ ಆಫ್ ಸಿಂಕ್, ಕೆಳಗ ಫೇಲ್ಡ್ ಐಟಮ್ಸ್ 7 ಅಂತ ಕೆಂಪಗ ಐತಂತ. ಇಳಿಸಾಕತ್ತಿದ್ದು ಹೊರಗಿನ 1 ಟಿಬಿ ಹಾರ್ಡ್ ಡಿಸ್ಕಿಗೆ, ನಾನು ಹೇಳಿರ್ಲಿಲ್ಲೇನ್ರಿ? ರೈಟ್ ಕ್ಲಿಕ್, ಪ್ರಾಪರ್ಟೀಸ್ ನೋಡಿದ್ರ ಫ್ಯಾಟ್32.

ಲಿಂಗಸೂರು_ಲ್ಯಾಬ್
ಅದೇ ನೋಡ್ರಿ. ಫ್ಯಾಟ್32ನಾಗ ಒಂದು ಫೈಲ್ 4 ಜಿಬಿಗಿಂತ ಒಂದು ಬೈಟ್ ಕಮ್ಮಿ ತನಕ ಅಷ್ಟೇ, ಡಿಸ್ಕಿನಾಗ 800 ಜಿಬಿ ಖಾಲಿ ಇದ್ರೂ ತಗೊಳ್ಳಂಗಿಲ್ಲ. ಫಾರ್ಮ್ಯಾಟ್ ಮಾಡಬ್ಯಾಡ್ರಿ, 115 ಜಿಬಿ ಹೋಗ್ತದ. ವಿಂಡೋಸ್ ಇದ್ರ ಸಿಂಕ್‌ಥಿಂಗ್ ಬಂದ್ ಮಾಡಿ, ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತಗದು ಕನ್ವರ್ಟ್ ಕಮಾಂಡ್ ಕೊಡ್ರಿ, ಡೇಟಾ ಇದ್ದಂಗೇ ಎನ್‌ಟಿಎಫ್‌ಎಸ್ (ವಿಂಡೋಸಿನ ಪದ್ಧತಿ, 4 ಜಿಬಿ ಮಿತಿ ಇಲ್ಲ) ಆಗ್ತದ. ಎಕ್ಸ್‌ಫ್ಯಾಟ್ ಬೇಕಂದ್ರ ಮಾತ್ರ ಫಾರ್ಮ್ಯಾಟ್. ಅದು ಮುಗಿಯೋ ತನಕ ನಿಮ್ಮ ಕಾರ್ಡ್ ಒಂದೂ ಅಳಸಬ್ಯಾಡ್ರಿ, ನಡಬರ್ಕ ಕರೆಂಟ್ ಹೋದ್ರ ಡಿಸ್ಕ್ ಕೆಡಬಹುದು, ಯುಪಿಎಸ್ ಇರಲಿ.

ಬಳ್ಳಾರಿ_ಲ್ಯಾನ್
ಸಿಜಿನ್ಯಾಟೂ ಇತ್ತಲ್ಲ ಅಣ್ಣ, ಅದು ಸುಳ್ಳಲ್ಲ. 900 ಕೆಬಿ ಇದ್ದಿದ್ದು 5 ಎಂಬಿ ಆಯ್ತು.

ಕೊಪ್ಪಳ_ಕ್ಯಾಮೆರಾ
ಹೌದ್ರೀ ಅಣ್ಣಾ, ಇಲ್ಲಾಂದ್ರ ಈ 71 ಜಿಬಿ ಇನ್ನೊಂದು ದಿನ ತಿಂತಿತ್ತು. ಕನ್ವರ್ಟ್ ಕೊಟ್ಟಾಗ ಡ್ರೈವಿನ ಲೇಬಲ್ ಕೇಳತಂತ, ನೋಡಿದ್ರ ಟಿವಿ ಅಂತ ಐತಿ. ಆವಾಗ ಎಡಿಟರ್‌ಗೆ ನೆನಪಾತು, ಅವರ ಮನೀ ಹಳೇ ಟಿವಿ ಫ್ಯಾಟ್32 ಬಿಟ್ಟು ಬ್ಯಾರೆ ಓದಂಗಿಲ್ಲಂತ, ಅದಕ್ಕ ಅಂಗಡ್ಯಾಗ ಹಂಗ ಮಾಡಿಸಿಟ್ಟಿದ್ರಂತ. ಕನ್ವರ್ಟ್ ಆಗಿ ಸಿಂಕ್‌ಥಿಂಗ್ ಮತ್ತ ಚಾಲೂ ಮಾಡಿದ ಕೂಡ್ಲೆ 63, 64 ಅಂತ ಏರಾಕತ್ತತು. ನಡಕ ರಾಯಚೂರಾಗ ಒಂದ್ ತಾಸು ಕರೆಂಟ್ ಹೋಗಿತ್ತು, ರೌಟರ್ ಬಂದ್ ಆತು, ಬಂದ ಮ್ಯಾಲೆ ನಿಂತಲ್ಲಿಂದನೇ ಹೊಂಟತು. ಈಗಷ್ಟ ಎಡಿಟರ್ ಫೋನ್ ಮಾಡಿದ್ರು, ಸಿ0007 ಫೈಲ್ ಬಂತು, 11 ಜಿಬಿ, ತಗದು ನೋಡಿದ್ರಂತ, ಅಕ್ಕಿಕಾಳು ಎಲ್ಲಾ ಸ್ವಚ್ಛ ಕಾಣತಾವ. ಲಿಂಗಸೂರಿನವರಿಗೆ ದೊಡ್ಡ ನಮಸ್ಕಾರ್ರೀ.

ಹಗರಿಬೊಮ್ಮನಹಳ್ಳಿ_ಮ್ಯಾಕ್
ನಂದೂ ಇದೇ ಸಮಸ್ಯೆ, ಆದ್ರೆ ಇಳಿಸ್ಕೊಳ್ಳೋ ಕಡೆ ಮ್ಯಾಕ್ ಐತೆ. ಎನ್‌ಟಿಎಫ್‌ಎಸ್ ಡಿಸ್ಕ್ ಮ್ಯಾಕ್‌ನಲ್ಲಿ ಓದುತ್ತೆ, ಬರೆಯಲ್ಲ. ಡಿಸ್ಕಲ್ಲಿ 600 ಜಿಬಿ ಹಳೇ ಡೇಟಾ ಐತೆ, ಅದನ್ನ ಎಲ್ಲಿ ಇಟ್ಟು ಎಕ್ಸ್‌ಫ್ಯಾಟ್ ಮಾಡ್ಲಿ?

ಸಿಂಧನೂರು_ಸರ್ವರ್
ಅದಕ್ಕೇ ನ್ಯಾಸ್ ಕಟ್ರಿ ಅಂದಿದ್ದು. ಫೋಟೋ ನಾಳೆ ಮಿಲ್ಲಿಗೆ ಹೋದಾಗ ತಗದು ಹಾಕ್ತೀನಿ.