ಅಪ್‌ಡೇಟ್: ಜೀಪಿನ ಹಾರ್ಡ್ ಟಾಪ್ ಎತ್ತುವ ಹಾಯಿಸ್ಟ್ ಸಿದ್ಧ

ಹುಬ್ಬಳ್ಳಿಯ ತಗಡಿನ ಶೆಡ್ಡಿನಲ್ಲಿ ಜೀಪಿನ ಫೈಬರ್ ಟಾಪ್ (ಕಳಚಿ ತೆಗೆಯುವ ಗಟ್ಟಿ ಮೇಲ್ಛಾವಣಿ) ಎತ್ತಲು ಶೆಡ್ಡಿನ ತಗಡು ಹೊರುವ ಅಡ್ಡಪಟ್ಟಿ, ಅಂದರೆ ಪರ್ಲಿನ್‌ಗೇ ಪುಲ್ಲಿ ಕಟ್ಟಬಹುದೇ ಅಂತ ಕೇಳಿದ್ದೆ. ಬೇಡವೇ ಬೇಡ ಅಂದಿರಿ, ಅದೇ ಸರಿ: ಪರ್ಲಿನ್ ಇರುವುದು ತಗಡಿನ ಭಾರಕ್ಕೆ, ನಡುವೆ ಒಂದೇ ಕಡೆ ಜಗ್ಗಿದರೆ ಬಾಗುತ್ತದೆ. ಈಗ ಎರಡೂ ಗೋಡೆಯ ಕಾಂಕ್ರೀಟ್ ಬೆಡ್ ಮೇಲೆ ಐ-ಬೀಮ್ (ಐ ಆಕಾರದ ಉಕ್ಕಿನ ತೊಲೆ) ಕೂರಿಸಿ ಅರ್ಧ ಟನ್ನಿನ ಚೈನ್ ಪುಲ್ಲಿ ಹಾಕಿಸಿದೆ. ಅದರಲ್ಲಿ ಬ್ರೇಕ್ ಇರುವುದರಿಂದ ಕೈಬಿಟ್ಟರೂ ಭಾರ ಅಲ್ಲೇ ನಿಲ್ಲುತ್ತದೆ. ಬ್ರೇಕಿಲ್ಲದ ಹಗ್ಗದ ರಾಟೆ ಈ ಕೆಲಸಕ್ಕೆ ಆಗಲ್ಲ.

ಕೆಳಗೆ ಚೌಕ ಪೈಪಿನ ಎಚ್ ಫ್ರೇಮು, ನಾಲ್ಕು ಮೂಲೆಗೆ ನೈಲಾನ್ ಬೆಲ್ಟು. ಫ್ರೇಮು ಟಾಪಿನಷ್ಟಾದರೂ ಅಗಲ ಇರಲಿ, ಇಲ್ಲವಾದರೆ ಬೆಲ್ಟು ಒಳಕ್ಕೆ ಒತ್ತಿ ಫೈಬರ್ ಅಂಚು ಸೀಳುತ್ತದೆ. ಹಿಂದಿನ ಗಾಜಿನ ಭಾರಕ್ಕೆ ಮುಂಭಾಗವೇ ಮೊದಲು ಏಳುತ್ತದೆ, ಹಾಗಾಗಿ ಕೊಕ್ಕೆ ಹಿಂದೆ-ಮುಂದೆ ಸರಿಸಲು ನಡುಪೈಪಿಗೆ ಸಾಲಾಗಿ ರಿಂಗ್ ವೆಲ್ಡ್ ಮಾಡಿಸಿದ್ದೇನೆ. ಬೋಲ್ಟು, ವೈಪರ್ ವೈರು ಬಿಚ್ಚಿ, ಅಂಟಿದ ರಬ್ಬರ್ ಬೀಡಿಂಗ್ ಕೈಯಿಂದ ಬಿಡಿಸಿದ ಮೇಲೇ ಚೈನು ಎಳೀರಿ. ಜೀಪು ಹೊರಗೆ ತೆಗೆದ ಕೂಡಲೇ ಟಾಪನ್ನು ಸ್ಟ್ಯಾಂಡಿಗೆ ಇಳಿಸ್ರಿ, ತೂಗುಹಾಕಿ ಬಿಡಬ್ಯಾಡ್ರಿ.