ದಮ್ಮಿನ ಪಂಪು, ಪೊಲೀಸರ ಯಂತ್ರ

ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪು, ಬಳ್ಳಾರಿ

ಪಂಪಾಪತಿ (ಫಾರ್ವರ್ಡ್): ಎಚ್ಚರಿಕೆ! ದಮ್ಮಿನ ಪಂಪು (ಇನ್ಹೇಲರ್) ಎಳೆದವರು ಪೊಲೀಸರ ಯಂತ್ರಕ್ಕೆ ಊದಿದರೆ ಕುಡಿದವರೆಂದೇ ತೋರಿಸುತ್ತದೆ. ಗಾಡಿ ಓಡಿಸುವ ದಿನ ಪಂಪು ಮುಟ್ಟಬೇಡಿ. ಎಲ್ಲರಿಗೂ ಕಳುಹಿಸಿ.

ಪಂಪಾಪತಿ: ಸಂಡೂರಿನಿಂದ ತೋರಣಗಲ್ಲಿಗೆ ಅದಿರು ಸಾಗಿಸುವ ನಮ್ಮ ಚಾಲಕರಲ್ಲಿ ದಮ್ಮು ಇರುವವರಿದ್ದಾರೆ. ಅವರಿಗೆ ಇದನ್ನು ಆಗಲೇ ಕಳುಹಿಸಿದ್ದೇನೆ. ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ ಕಟ್ಟುವವರು ಯಾರು?

ಮಹಾದೇವಿ: ಪಂಪಾಪತಿ ಅಣ್ಣ, ಔಷಧದ ಅಂಗಡಿ ನಡೆಸುವವಳಾಗಿ ಕೇಳಿಕೊಳ್ಳುತ್ತೇನೆ, ಆ ಸಂದೇಶವನ್ನು ಚಾಲಕರಿಂದ ಇವತ್ತೇ ಹಿಂಪಡೆಯಿರಿ. ಮೊದಲ ಮಾತಿನಲ್ಲಿ ಎಳ್ಳಷ್ಟು ನಿಜವಿದೆ, ಪಂಪು ಮುಟ್ಟಬೇಡಿ ಎಂಬ ಎರಡನೆಯದರಲ್ಲಿ ಜೀವಕ್ಕೇ ಅಪಾಯವಿದೆ. ಒತ್ತಿ ಎಳೆಯುವ ಕೆಲವು ಪಂಪುಗಳಲ್ಲಿ ಔಷಧದ ಜೊತೆಗೆ ಎಥೆನಾಲ್, ಅಂದರೆ ಮದ್ಯಸಾರ, ಬೆರೆಸಿರುತ್ತಾರೆ, ಕೆಲವುಗಳಲ್ಲಿ ಬೆರೆಸಿರುವುದಿಲ್ಲ. ಔಷಧ ಒಂದೇ ಸಾಲ್ಬುಟಮಾಲ್ ಆದರೂ ಅಮೆರಿಕದ ಮಾರುಕಟ್ಟೆಗೆ ಬಂದ ಪ್ರೊವೆಂಟಿಲ್ ಎಚ್‌ಎಫ್‌ಎಯಲ್ಲಿ ಎಥೆನಾಲ್ ಉಂಟು, ವೆಂಟೊಲಿನ್ ಎಚ್‌ಎಫ್‌ಎಯಲ್ಲಿ ಇಲ್ಲ. ರೋಟಾಕ್ಯಾಪ್‌ನ ಪುಡಿಯಲ್ಲಿ ಔಷಧದ ಜೊತೆಗೆ ಇರುವುದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಎಥೆನಾಲ್ ಅಲ್ಲ. ಇನ್ನು ಎಥೆನಾಲ್ ಇರುವ ಪಂಪಿನಿಂದಲೂ ಒಂದು ಒತ್ತಿಗೆ ಬರುವುದು ಕೆಲವೇ ಮಿಲಿಗ್ರಾಂ, 60 ಕೆ.ಜಿ. ತೂಕದ ಗಂಡಸಿನ ಮೈಯಲ್ಲಿರುವ ಸುಮಾರು 35 ಲೀಟರ್ ನೀರಿನಲ್ಲಿ ಅದು ಹಂಚಿಹೋದ ಮೇಲೆ, 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿಯ ಹತ್ತಿರಕ್ಕೂ ಸುಳಿಯುವುದಿಲ್ಲ.

ಹುಸೇನ್: ಅಕ್ಕ, ರಕ್ತಕ್ಕೇ ಸೇರದಿದ್ದರೆ ಯಂತ್ರ ಏಕೆ ತೋರಿಸಬೇಕು?

ಮಹಾದೇವಿ: ಯಂತ್ರ ರಕ್ತವನ್ನು ನೋಡುವುದಿಲ್ಲ, ಲೆಕ್ಕ ಹಾಕುತ್ತದೆ. ಶ್ವಾಸಕೋಶದ ಆಳದಿಂದ ಬಂದ 2,100 ಮಿ.ಲೀ. ಉಸಿರಿನಲ್ಲಿ ಇರುವಷ್ಟೇ ಮದ್ಯಸಾರ 1 ಮಿ.ಲೀ. ರಕ್ತದಲ್ಲಿರುತ್ತದೆ ಎಂಬುದು ಆ ಲೆಕ್ಕದ ಆಧಾರ. ಪಂಪು ಎಳೆದ ತಕ್ಷಣ ಊದಿದರೆ ಬಾಯಿ, ಗಂಟಲಿನಲ್ಲಿ ಉಳಿದ ಆವಿಯನ್ನೂ ಅದು ಶ್ವಾಸಕೋಶದ್ದೆಂದೇ ಎಣಿಸಿ ಅಂಕಿಯನ್ನು ಏರಿಸಬಹುದು. ಸುಮಾರು 15 ನಿಮಿಷದಲ್ಲಿ ಆ ಆವಿ ಆರಿಹೋಗುತ್ತದೆ. ಸ್ಟೆರಾಯ್ಡ್ ಪಂಪು ಬಳಸುವವರಿಗೆ, ನಾಲಿಗೆಗೆ ಬೂಷ್ಟು ಹಿಡಿಯದಿರಲಿ ಎಂದು, ಬಾಯಿ ಮುಕ್ಕಳಿಸಿ ಉಗುಳಲು ನಾವು ಹೇಗೂ ಹೇಳುತ್ತೇವೆ. ಇಲ್ಲಿಯೂ ಅದು ಉಪಕಾರಕ್ಕೆ ಬರುತ್ತದೆ.

ಪಂಪಾಪತಿ: ರಾತ್ರಿ ತಪಾಸಣೆಯಲ್ಲಿ ಹಿಂದೆ ಲಾರಿಗಳ ಸಾಲು ನಿಂತಿರುವಾಗ 15 ನಿಮಿಷ ಕಾಯುವವರು ಯಾರಮ್ಮ?

ತಿಪ್ಪೇಸ್ವಾಮಿ: ವಕೀಲನಾಗಿ ಎರಡು ಮಾತು. ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಮಿನ ಪ್ರಕಾರ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ ಪಂಪಾಪತಿ ಹೇಳಿದ ದಂಡ, ಅಥವಾ ಎರಡೂ. ಆದರೆ ಉಸಿರಿನ ಪರೀಕ್ಷೆಯೇ ಕೊನೆಯ ಮಾತಲ್ಲ: 204ನೇ ಕಲಮು ರಕ್ತದ ಪ್ರಯೋಗಾಲಯ ಪರೀಕ್ಷೆಗೆ ದಾರಿ ಇಟ್ಟಿದೆ. ಅದನ್ನು ಮಾಡಿಸುವ ಅಧಿಕಾರ ಪೊಲೀಸರದು, ನಿಜ. ಚಾಲಕ ತಾನಾಗಿ ಕೇಳಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಉಬ್ಬಸದಿಂದ ಉದ್ದ ಉಸಿರು ಊದಲಾಗದಿದ್ದರೆ ಅದನ್ನು ಅಲ್ಲಿಯೇ ಹೇಳಬೇಕು. ಪರೀಕ್ಷೆಗೆ ಒಪ್ಪದಿರುವುದನ್ನು 205ನೇ ಕಲಮು ಚಾಲಕನ ವಿರುದ್ಧ ಬಳಸಲು ಬಿಡುತ್ತದೆ, ಆದರೆ ಸಕಾರಣ ತೋರಿಸದಿದ್ದಾಗ ಮಾತ್ರ. ವೈದ್ಯರ ಚೀಟಿಯನ್ನೂ ಪಂಪನ್ನೂ ತೋರಿಸಲಿ.

ಹುಸೇನ್: ನಮ್ಮ ಅಬ್ಬಾ ದಮ್ಮಿಗೆ ಆಯುರ್ವೇದದ ಕನಕಾಸವ ಕುಡಿಯುತ್ತಾರೆ, ಸ್ಕೂಟರನ್ನೂ ಓಡಿಸುತ್ತಾರೆ. ಅದರ ಗತಿ?

ಮಹಾದೇವಿ: ಒಳ್ಳೆಯ ಪ್ರಶ್ನೆ. ಪಂಪಿಗಿಂತ ಅದನ್ನೇ ಹೆಚ್ಚು ನೋಡಬೇಕು. ಆಸವ, ಅರಿಷ್ಟಗಳಲ್ಲಿ ಹುದುಗುವಿಕೆಯಿಂದಲೇ ಮದ್ಯಸಾರ ಹುಟ್ಟುತ್ತದೆ. ಸೀಸೆಯ ಮೇಲೆ ಪ್ರಮಾಣವನ್ನು ಓದಿಕೊಳ್ಳಿ. ಶೇಕಡಾ 10 ಇರುವ ಆಸವವನ್ನು 30 ಮಿ.ಲೀ. ಕುಡಿದರೆ ರಕ್ತದಲ್ಲಿ 100 ಮಿ.ಲೀ.ಗೆ ಐದಾರು ಮಿಲಿಗ್ರಾಂ ಸೇರುತ್ತದೆ. ಮಿತಿ ದಾಟುವುದಿಲ್ಲ, ಆದರೆ ಕುಡಿದ ಕೂಡಲೇ ಊದಿದರೆ ಬಾಯಿಯೊಳಗಿನದು ಸೇರಿ ಯಂತ್ರ ಕೂಗಬಹುದು. ಹಾಗೆಂದು ಕ್ವಾರ್ಟರ್ ಇಳಿಸಿದವನು ಪಂಪನ್ನೋ ಆಸವವನ್ನೋ ತೋರಿಸಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. 15 ನಿಮಿಷ ಬಿಟ್ಟು ಊದಿಸಿದರೂ ಅವನ ಅಂಕಿ ಮಿತಿಯ ಕೆಳಗೆ ಇಳಿದಿರುವುದಿಲ್ಲ.

ನನಗೆ ನಿಜವಾದ ಭಯ ಯಂತ್ರಕ್ಕೆ ಸಿಕ್ಕದ ಔಷಧಗಳದ್ದು. ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ನೆಗಡಿ ಮಾತ್ರೆಯೊಳಗಿನ ಕ್ಲೋರ್‌ಫೆನಿರಮೈನ್ ಸ್ಟಿಯರಿಂಗ್ ಮುಂದೆಯೇ ನಿದ್ದೆಗೆ ಎಳೆಯುತ್ತವೆ, ಯಂತ್ರವೋ ಸೊನ್ನೆ ತೋರಿಸುತ್ತದೆ.

ತಿಪ್ಪೇಸ್ವಾಮಿ: ಔಷಧದ ಅಮಲಿನಲ್ಲಿ ಗಾಡಿಯ ಮೇಲಿನ ಹಿಡಿತ ತಪ್ಪಿದ್ದರೆ ಅದೂ 185ರಡಿಯೇ ಬರುತ್ತದೆ.

ಪಂಪಾಪತಿ: ಸರಿ, ಪಂಪು ಬಿಡಬೇಡಿ, ಚೀಟಿ ಜೊತೆಗಿರಲಿ ಎಂದು ಚಾಲಕರಿಗೆ ಬರೆಯುತ್ತೇನೆ. ಆದರೆ ರಸ್ತೆಯಲ್ಲಿ ಯಾರೂ ಕಾಯುವುದಿಲ್ಲ ಎಂಬ ಮಾತನ್ನು ನಾನು ಬಿಡುವುದಿಲ್ಲ.

ತಿಪ್ಪೇಸ್ವಾಮಿ: ಬಿಡಬೇಡ. ಪಂಪು ಎಳೆದ ಹೊತ್ತು, ಊದಿದ ಹೊತ್ತು, ಎರಡನ್ನೂ ಬರೆದಿಟ್ಟುಕೊಳ್ಳಲು ಅವರಿಗೆ ಹೇಳು. ಕೋರ್ಟಿನಲ್ಲಿ ನಾನು ಮೊದಲು ಕೇಳುವುದು ಅದನ್ನೇ.