ಅಪ್‌ಡೇಟ್: ಹಾಳೆ ತಟ್ಟೆ ಕಂಪನಿ ಮಾರಲಿಲ್ಲ

ಬದಿಯಡ್ಕ ಹತ್ತಿರದ ನಮ್ಮ ಅಡಿಕೆ ಹಾಳೆ ತಟ್ಟೆ ಕಂಪನಿಯನ್ನು ದೊಡ್ಡವರೊಬ್ಬರು ಕೊಳ್ಳಲು ಬಂದಿದ್ದಾರೆ, ಕೊಡಲಾ ಬೇಡವಾ ಎಂದು ಕೇಳಿದ್ದೆನಲ್ಲ? ಕೊಡಲಿಲ್ಲ.

ತೆರಿಗೆ ಅಡ್ಡ ಬರಲಿಲ್ಲ. ಷೇರು 24 ತಿಂಗಳಿಗಿಂತ ಜಾಸ್ತಿ ಕೈಯಲ್ಲಿದ್ದರಿಂದ ಲಾಭದ ಮೇಲೆ 12.5%, ಸೆಸ್ಸು ಬೇರೆ. ಕರಾರು ಓದಿದಾಗ ಬಣ್ಣ ಬಯಲಾಯಿತು. ಈಗ ಅರ್ಧ ದುಡ್ಡು ಮಾತ್ರ. ಉಳಿದದ್ದು ಮೂರು ವರ್ಷ ಅವರು ಹೇಳಿದಷ್ಟು ಲಾಭ ತೋರಿಸಿದರೆ. ಖರ್ಚು ನಿರ್ಧರಿಸುವವರೂ ಅವರೇ! ಮೇಲಿಂದ ಐದು ವರ್ಷ ನಾನು ಇದೇ ವ್ಯಾಪಾರ ಮಾಡುವಂತಿಲ್ಲ. ಗುಡ್‌ವಿಲ್ (ವ್ಯಾಪಾರಕ್ಕಿರುವ ಹೆಸರು, ಗಿರಾಕಿಗಳ ನಂಬಿಕೆ) ಮಾರಿದವರ ಮೇಲೆ ಇಂಥ ಷರತ್ತು ಹಾಕಲು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ನಿನಲ್ಲೇ ಅವಕಾಶವಿದೆ, ಮಿತಿ ನ್ಯಾಯವಾಗಿದ್ದರಾಯಿತು. ತೋಟದಲ್ಲಿ ಬಿದ್ದ ಹಾಳೆ ಸುಮ್ನೆ ನೋಡುತ್ತಾ ಕೂರಬೇಕಾ?

ಅಮ್ಮನಿಗೆ ಇನ್ನೂ ಸಿಟ್ಟಿದೆ. ಇರಲಿ. ಮಳೆಗೆ ಮೊದಲು ಹಾಳೆ ಒಣಗಿಸಿ ಗೋಡೌನು ತುಂಬಿಸಬೇಕು, ಸದ್ಯಕ್ಕೆ ಅದೇ ತಲೆಬಿಸಿ.